ಯೋಜನೆಯ ಹೆಗಲೇರಿದ ಪರ್ಮಿಟ್ಟು

1934ರಲ್ಲಿ ಬೆಂಗಳೂರು ಪ್ರೆಸ್‌ನಿಂದ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ ಎಂಬ ಇಂಗ್ಲಿಷ್ ಪುಸ್ತಕ ಹೊರಬಂತು. ಬರೆದವರು ಎಂ. ವಿಶ್ವೇಶ್ವರಯ್ಯ. ಅವರು ಮೈಸೂರಿನ ದಿವಾನಗಿರಿ ಬಿಟ್ಟು ಆಗಲೇ ಹದಿನಾರು ವರ್ಷವಾಗಿತ್ತು, ವಯಸ್ಸು ಎಪ್ಪತ್ತು ದಾಟಿತ್ತು. ಹತ್ತು ವರ್ಷದ ಯೋಜನೆಯೊಂದನ್ನು ಹಾಕಿಕೊಂಡು ದೇಶದ ವರಮಾನವನ್ನು ಇಮ್ಮಡಿ ಮಾಡಬೇಕು, ಹೊಲವನ್ನೇ ನೆಚ್ಚಿ ಕೂತ ಕೋಟ್ಯಂತರ ಜನರಲ್ಲಿ ಒಂದು ಪಾಲನ್ನು ಕೈಗಾರಿಕೆಗೆ ತರಬೇಕು ಎಂದು ಆ ಪುಸ್ತಕ ಕೇಳಿತು. ಎಷ್ಟು ಬೆಳೆಯುತ್ತೇವೆ, ಎಷ್ಟು ತಯಾರಿಸುತ್ತೇವೆ, ತಲೆಗೆಷ್ಟು ಸಿಗುತ್ತದೆ ಎಂಬ ಲೆಕ್ಕವೇ ಇಲ್ಲದ ದೇಶ ಯಾವ ದಾರಿಯನ್ನೂ ಹಿಡಿಯಲಾರದು ಎಂಬುದು ಅವರ ಹಳೆಯ ಹಟ. ಬ್ರಿಟಿಷರ ಆಳ್ವಿಕೆ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ, ಇಡೀ ಭಾರತಕ್ಕೆ ಒಂದು ಆರ್ಥಿಕ ಯೋಜನೆ ಬೇಕೆಂದು ಇಷ್ಟು ವಿವರವಾಗಿ ವಾದಿಸಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಮುಂದಿನ ಅರವತ್ತು ವರ್ಷದಲ್ಲಿ ಯೋಜನೆ ಎಂದ ಕೂಡಲೇ ಜನರಿಗೆ ನೆನಪಾಗತೊಡಗಿದ್ದು ಲೈಸೆನ್ಸು, ಪರ್ಮಿಟ್ಟು, ಕೋಟಾ, ಸಿಮೆಂಟಿಗೆ ಅರ್ಜಿ, ಸ್ಕೂಟರಿಗೆ ಸರದಿ. ಇವೆಲ್ಲ ಯೋಜನೆಯ ಹೊಟ್ಟೆಯಲ್ಲೇ ಹುಟ್ಟಿದವು ಎಂದು ಇಂದಿಗೂ ಹೆಚ್ಚಿನವರು ನಂಬಿದ್ದಾರೆ. ದಾಖಲೆಗಳ ಜಾಡು ಹಿಡಿದು ಹೋದರೆ ಬೇರೆಯದೇ ವಂಶಾವಳಿ ಸಿಗುತ್ತದೆ. ಯೋಜನೆಯನ್ನು ಕನಸಿದವರು ನಮ್ಮವರೇ ಆದ ಎಂಜಿನಿಯರುಗಳು, ವಿಜ್ಞಾನಿಗಳು, ಉದ್ಯಮಿಗಳು. ಪರ್ಮಿಟ್ಟು ಎರಡನೆಯ ಮಹಾಯುದ್ಧದ ನಡುವೆ ಬ್ರಿಟಿಷ್ ಸರಕಾರ ತನ್ನ ತುರ್ತಿಗೆಂದು ಹೊಸೆದ ಹಗ್ಗ. ಸ್ವತಂತ್ರ ಭಾರತ ಯೋಜನೆಯನ್ನು ಕಟ್ಟಿದ್ದು ಆ ಹಗ್ಗದಿಂದ.

ವಿಶ್ವೇಶ್ವರಯ್ಯನವರ ಪುಸ್ತಕದ ಹಿಂದೆ ಮೈಸೂರಿನ ಅನುಭವವಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಎಕನಾಮಿಕ್ ಕಾನ್ಫರೆನ್ಸು ಅಧಿಕಾರಿಗಳನ್ನೂ ವರ್ತಕರನ್ನೂ ಬೇಸಾಯಗಾರರನ್ನೂ ಒಂದೆಡೆ ಕೂರಿಸಿ, ಕೃಷಿ, ಶಿಕ್ಷಣ, ಕೈಗಾರಿಕೆ-ವಾಣಿಜ್ಯಗಳಿಗೆ ಸಮಿತಿ ಮಾಡಿ ಕೆಲಸ ಹಂಚಿತ್ತು. 1912ರಿಂದ 1918ರವರೆಗಿನ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು ಬಂತು, ಕಡ್ಡಾಯ ಶಿಕ್ಷಣದ ಕಾನೂನು ಬಂತು, ವಿಶ್ವವಿದ್ಯಾಲಯ ಬಂತು, ಗಂಧದೆಣ್ಣೆಯ ಕಾರ್ಖಾನೆ ಬಂತು, ಕನ್ನಂಬಾಡಿಯ ಕಟ್ಟೆ ಏಳುತ್ತ ಹೋಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಪ್ಪಿಗೆ ದೊರೆತಿದ್ದೂ ಆ ಅವಧಿಯ ಕೊನೆಯಲ್ಲಿ. ಖಾಸಗಿಯವರು ಕೈಹಾಕಲು ಹೆದರುವ ಕಡೆ ಸರಕಾರವೇ ಬಂಡವಾಳ ಹೂಡಿ ಹಾದಿ ತೋರಿಸುತ್ತಿತ್ತು, ಮುಂದೆ ಬಂದವರಿಗೆ ಸಾಲ, ಸಲಹೆ, ತರಬೇತಿ ಕೊಡುತ್ತಿತ್ತು. ಆ ಪಟ್ಟಿಯಲ್ಲಿ ಉಕ್ಕಿನಷ್ಟೇ ಶಾಲೆಗೂ ಜಾಗವಿತ್ತು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ದಿಲ್ಲಿ ಮರೆತದ್ದು ಅದನ್ನೇ.

1938ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸುಭಾಷ್‌ಚಂದ್ರ ಬೋಸ್ ಪ್ರಾಂತಗಳ ಕೈಗಾರಿಕಾ ಮಂತ್ರಿಗಳನ್ನು ದಿಲ್ಲಿಗೆ ಕರೆಸಿ ರಾಷ್ಟ್ರೀಯ ಯೋಜನಾ ಸಮಿತಿ ರಚಿಸುವ ನಿರ್ಧಾರ ಮಾಡಿದರು. ಇದರ ಹಿಂದೆ ಭೌತವಿಜ್ಞಾನಿ ಮೇಘನಾದ್ ಸಹಾ ಅವರ ಒತ್ತಾಸೆಯಿತ್ತು. ಅಧ್ಯಕ್ಷತೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದಿತ್ತು. ಜವಾಹರಲಾಲ್ ನೆಹರೂ ತಲೆಯಾಳಾದರೆ ಸಮಿತಿಯ ಮಾತಿಗೆ ರಾಜಕೀಯ ತೂಕ ಬರುತ್ತದೆಂದು ವಿಶ್ವೇಶ್ವರಯ್ಯನವರೇ ಆ ಸ್ಥಾನವನ್ನು ಬಿಟ್ಟುಕೊಟ್ಟು ಸದಸ್ಯರಾಗಿ ಕೂತರು. ಕೆ.ಟಿ. ಷಾ ಕಾರ್ಯದರ್ಶಿಯಾದರು, 29 ಉಪಸಮಿತಿಗಳು ಹುಟ್ಟಿದವು. ಹಳ್ಳಿಯ ಕಸುಬುಗಳ ಪರವಾಗಿ ಬಂದಿದ್ದ ಗಾಂಧಿವಾದಿ ಜೆ.ಸಿ. ಕುಮಾರಪ್ಪ ದೊಡ್ಡ ಯಂತ್ರಗಳ ಕಡೆಗಿನ ಒಲವನ್ನು ಕಂಡು ಹೊರನಡೆದರು. ಅವರ ನಿರ್ಗಮನವನ್ನು ಅಂದು ಯಾರೂ ದೊಡ್ಡದು ಮಾಡಲಿಲ್ಲ. ಯಂತ್ರ ಎಷ್ಟು ಜನರಿಗೆ ಕೆಲಸ ಕೊಡುತ್ತದೆ ಎಂಬ ಅವರ ಪ್ರಶ್ನೆಗೆ ಮುಂದಿನ ಯಾವ ಪಂಚವಾರ್ಷಿಕ ಯೋಜನೆಯಲ್ಲೂ ಸಮಾಧಾನಕರ ಉತ್ತರ ಸಿಗಲಿಲ್ಲ.

1939ರಲ್ಲಿ ಯುದ್ಧ ಬಂತು. ಸಮಿತಿಯ ಹಲವರು ಜೈಲು ಸೇರಿದರು, ಕೆಲಸ ನಿಂತಿತು. ಆ ಹೊತ್ತಿಗೆ ಸರಿಯಾಗಿ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಇನ್ನೊಂದು ಕಟ್ಟಡ ಏಳತೊಡಗಿತು. 1940ರ ಮೇ ತಿಂಗಳಲ್ಲಿ ಆಮದಿನ ಮೇಲೆ ನಿಯಂತ್ರಣ ಬಂತು. ಹಡಗಿನಲ್ಲಿ ಜಾಗ ಉಳಿಸುವುದು, ಡಾಲರು ಉಳಿಸುವುದು ಅದರ ಗುರಿ. 1943ರಲ್ಲಿ ಕಂಪನಿಗಳು ಷೇರು ಹೊರಡಿಸಲೂ ಸರಕಾರದ ಅನುಮತಿ ಪಡೆಯಬೇಕೆಂದಾಯಿತು, ಏಕೆಂದರೆ ಜನರ ಹಣ ಯುದ್ಧದ ಸಾಲಪತ್ರಗಳ ಕಡೆಗೆ ಹರಿಯಬೇಕಿತ್ತು. ವಿದೇಶಿ ಹಣ, ಬಟ್ಟೆ, ಸೀಮೆಎಣ್ಣೆ, ಸಕ್ಕರೆ, ಧಾನ್ಯ ಒಂದೊಂದಾಗಿ ನಿಯಂತ್ರಣದೊಳಗೆ ಬಂದವು. ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ 1943ರಲ್ಲೇ ಮುಂಬಯಿಯಲ್ಲಿ ರೇಷನ್ ಜಾರಿಯಾಯಿತು. ‘ಕಂಟ್ರೋಲು’ ಎಂಬ ಮಾತು ಕನ್ನಡದ ಮನೆಮನೆಯ ಬಳಕೆಗೆ ಬಂದಿದ್ದು ಹೀಗೆ, ಪಂಚವಾರ್ಷಿಕ ಯೋಜನೆ ಎಂಬ ಹೆಸರನ್ನು ಜನ ಕೇಳುವುದಕ್ಕೆ ಎಷ್ಟೋ ಮೊದಲು.

1944ರಲ್ಲಿ ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ, ಪುರುಷೋತ್ತಮದಾಸ್ ಠಾಕೂರದಾಸ್, ಲಾಲಾ ಶ್ರೀರಾಮ್, ಕಸ್ತೂರಭಾಯಿ ಲಾಲ್‌ಭಾಯಿ ಮೊದಲಾದವರು ಸೇರಿ ‘ಬಾಂಬೆ ಪ್ಲಾನ್’ ಹೊರತಂದರು. ಹದಿನೈದು ವರ್ಷ, 10,000 ಕೋಟಿ ರೂಪಾಯಿ, ತಲಾ ವರಮಾನ ಇಮ್ಮಡಿ. ಸರಕಾರದ ಹಿಡಿತ ಸ್ವಲ್ಪ ಕಾಲ ಅನಿವಾರ್ಯ ಎಂದು ಆ ದೊಡ್ಡ ಬಂಡವಾಳದಾರರೇ ಒಪ್ಪಿ ಬರೆದಿದ್ದರು. ಇಂದು ಓದುವವರಿಗೆ ಇದು ಅಚ್ಚರಿ. ಆದರೆ ಪರದೇಶದ ಪೈಪೋಟಿ ಒಳಗೆ ಬಾರದಂತೆ ತಡೆಯುವ ಸರಕಾರ ಅವರಿಗೂ ಬೇಕಾಗಿತ್ತು. ಅದೇ ಸುಮಾರಿಗೆ ಎಂ.ಎನ್. ರಾಯ್ ಬಳಗದ ಜನತಾ ಯೋಜನೆ, ಶ್ರೀಮನ್ನಾರಾಯಣ ಅಗರವಾಲರ ಗಾಂಧಿ ಯೋಜನೆಗಳೂ ಬಂದವು. ಯೋಜನೆ ಬೇಡವೆನ್ನುವವರು ದೇಶದಲ್ಲಿ ಹುಡುಕಿದರೂ ಸಿಗದ ಕಾಲ ಅದು.

ಕಂಟ್ರೋಲು ಬೇಡವೆಂದವರು ಮಾತ್ರ ಇದ್ದರು, ಅವರಲ್ಲಿ ಗಾಂಧೀಜಿ ಮೊದಲಿಗರು. ನಿಯಂತ್ರಣ ಜನರನ್ನು ಸುಳ್ಳಿಗೂ ಕಾಳಸಂತೆಗೂ ಒಗ್ಗಿಸುತ್ತದೆ ಎಂದು 1947ರ ಕೊನೆಯ ತಿಂಗಳುಗಳಲ್ಲಿ ಅವರು ಪ್ರಾರ್ಥನಾ ಸಭೆಗಳಲ್ಲಿ ಮತ್ತೆ ಮತ್ತೆ ಹೇಳಿದರು. ಡಿಸೆಂಬರಿನಲ್ಲಿ ಸರಕಾರ ಧಾನ್ಯ, ಬಟ್ಟೆಗಳ ಹಿಡಿತ ಸಡಿಲಿಸಿತು. ದೇಶ ವಿಭಜನೆಯಿಂದ ಜರ್ಜರವಾಗಿತ್ತು, ಸರಕು ಸಾಲದು, ಯುದ್ಧಕಾಲದಲ್ಲಿ ಅಚ್ಚಾದ ನೋಟು ಕೈಕೈಯಲ್ಲಿತ್ತು. ಕೆಲವೇ ತಿಂಗಳಲ್ಲಿ ಬೆಲೆಗಳು ಕೈಮೀರಿ ಏರಿದವು. 1948 ಮುಗಿಯುವ ಮೊದಲೇ ಕಂಟ್ರೋಲು ಮರಳಿ ಬಂತು. ಈ ಒಂದು ವರ್ಷ ಹೊಸ ಸರಕಾರದ ಅಧಿಕಾರಿಗಳ ಮನಸ್ಸಿನಲ್ಲಿ ಅಚ್ಚೊತ್ತಿತು ಎಂದು ನನಗೆ ತೋರುತ್ತದೆ. ಕಟ್ಟು ಬಿಚ್ಚಿದರೆ ಹಾಹಾಕಾರ ಎಂಬ ಭಯ ಆಮೇಲೆ ಮೂರು ತಲೆಮಾರಿನ ಗುಮಾಸ್ತರಿಂದ ಕಾರ್ಯದರ್ಶಿಗಳವರೆಗೆ ಇಳಿದು ಬಂತು. ತಪ್ಪಿದ್ದು ಬಿಚ್ಚಿದ್ದರಲ್ಲೋ ಬಿಚ್ಚಿದ ಹೊತ್ತಿನಲ್ಲೋ ಎಂದು ಯಾರೂ ಕೂತು ವಿಚಾರಿಸಲಿಲ್ಲ.

ಯುದ್ಧದ ನಿಯಮಗಳು ಕಾನೂನಿನ ಉಡುಪು ತೊಟ್ಟದ್ದು ಇದೇ ಅವಧಿಯಲ್ಲಿ. 1946ರಲ್ಲಿ ಅವಶ್ಯಕ ಸರಬರಾಜುಗಳ ತಾತ್ಕಾಲಿಕ ಅಧಿಕಾರ ಕಾಯಿದೆ ಬಂತು. 1947ರಲ್ಲಿ ಆಮದು-ರಫ್ತು ನಿಯಂತ್ರಣ ಕಾಯಿದೆ, ಬಂಡವಾಳ ನೀಡಿಕೆ ನಿಯಂತ್ರಣ ಕಾಯಿದೆ, ವಿದೇಶಿ ವಿನಿಮಯ ಕಾಯಿದೆಗಳು ಸಾಲಾಗಿ ಬಂದವು. ಹೆಸರಿನಲ್ಲಿ ‘ತಾತ್ಕಾಲಿಕ’ ಎಂದಿದ್ದದ್ದು 1955ರಲ್ಲಿ ಅವಶ್ಯಕ ವಸ್ತುಗಳ ಕಾಯಿದೆಯಾಗಿ ಕಾಯಂ ಆಯಿತು. 1950ರ ಮಾರ್ಚ್ 15ರಂದು ಮಂತ್ರಿಮಂಡಲದ ಒಂದು ನಿರ್ಣಯದಿಂದ ಯೋಜನಾ ಆಯೋಗ ಹುಟ್ಟುವ ಹೊತ್ತಿಗೆ ಉಪಕರಣಗಳೆಲ್ಲ ಮೇಜಿನ ಮೇಲೆ ಸಿದ್ಧವಿದ್ದವು. ಆಯೋಗಕ್ಕೆ ಸಂವಿಧಾನದಲ್ಲಿ ಸ್ಥಾನವಿರಲಿಲ್ಲ, ಪಾರ್ಲಿಮೆಂಟಿನ ಕಾಯಿದೆಯ ಆಸರೆಯೂ ಇರಲಿಲ್ಲ. ಪ್ರಧಾನಿಯೇ ಅಧ್ಯಕ್ಷ ಎಂಬುದೇ ಅದರ ಬಲ. ಇದು ಮಂತ್ರಿಮಂಡಲಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಮಂತ್ರಿಮಂಡಲವಾದೀತು ಎಂದು ಹೇಳಿ ಅರ್ಥಮಂತ್ರಿ ಜಾನ್ ಮಥಾಯ್ ಅದೇ ವರ್ಷ ರಾಜೀನಾಮೆ ಕೊಟ್ಟರು. ಬಾಂಬೆ ಪ್ಲಾನಿಗೆ ಸಹಿ ಹಾಕಿದ್ದವರಲ್ಲಿ ಅವರೂ ಒಬ್ಬರು.

ಆಯೋಗದ ಕೈಯಲ್ಲಿ ಹಣವಿತ್ತು, ಖಾಸಗಿಯವರನ್ನು ನಡೆಸುವ ಚಾಟಿ ಇರಲಿಲ್ಲ. ಆ ಕೊರತೆಯನ್ನು 1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆ ತುಂಬಿತು. 1952ರ ಮೇ 8ರಿಂದ ಅದು ಜಾರಿಗೆ ಬಂತು. ಪಟ್ಟಿಯಲ್ಲಿರುವ ಕೈಗಾರಿಕೆಯಲ್ಲಿ ಹೊಸ ಕಾರ್ಖಾನೆ ತೆರೆಯಲು, ಇದ್ದುದನ್ನು ಗಣನೀಯವಾಗಿ ವಿಸ್ತರಿಸಲು, ಹೊಸ ಸರಕು ತಯಾರಿಸಲು, ಜಾಗ ಬದಲಿಸಲು ಲೈಸೆನ್ಸು ಬೇಕೆಂದು ಅದು ವಿಧಿಸಿತು. ಮೊದಲನೆಯ ಯೋಜನೆ ಈ ಕಾಯಿದೆಯನ್ನು ಹೆಚ್ಚು ಬಳಸಲಿಲ್ಲ. 1951-56ರ ಆ ಯೋಜನೆ ನೀರಾವರಿ, ವಿದ್ಯುತ್ತು, ಬೇಸಾಯಗಳ ಕಡೆ ಮುಖ ಮಾಡಿತ್ತು. ಮಳೆಯೂ ಕೈಹಿಡಿಯಿತು. ವರ್ಷಕ್ಕೆ ಶೇ. 2.1 ಬೆಳವಣಿಗೆಯ ಗುರಿ ಇಟ್ಟುಕೊಂಡು ಶೇ. 3.6 ಸಾಧಿಸಿತು. ಆ ಗೆಲುವು ಆತ್ಮವಿಶ್ವಾಸ ತಂದಿತು, ಆತ್ಮವಿಶ್ವಾಸ ಕಲ್ಕತ್ತೆಯ ಕಡೆಗೆ ನೋಡಿತು.

ಕಲ್ಕತ್ತೆಯ ಬಾರಾನಗರದಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಇದ್ದರು. ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನ ಓದಿ ಬಂದು, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿ, ಬೆಳೆಯ ಅಂದಾಜಿನಿಂದ ನೆರೆಯ ಅಳತೆಯವರೆಗೆ ಅಂಕಿಗಳಿಂದ ದೇಶವನ್ನು ಓದುವುದನ್ನು ಕಲಿಸಿದವರು. 1950ರಲ್ಲಿ ಅವರು ಆರಂಭಿಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಬಡದೇಶವೊಂದು ತನ್ನ ಜನ ಏನು ಉಣ್ಣುತ್ತಾರೆ, ಏನು ಉಡುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿದ ಅಪೂರ್ವ ಸಾಹಸ. ವಿಶ್ವೇಶ್ವರಯ್ಯ ಕೇಳಿದ್ದ ಲೆಕ್ಕ ಕಡೆಗೂ ದೇಶಕ್ಕೆ ದೊರೆತಿತ್ತು. ರಾಗ್ನಾರ್ ಫ್ರಿಶ್, ಯಾನ್ ಟಿನ್‌ಬರ್ಗನ್, ಆಸ್ಕರ್ ಲಾಂಗೆಯಂಥ ಅರ್ಥಶಾಸ್ತ್ರಜ್ಞರು ಬಾರಾನಗರಕ್ಕೆ ಬಂದು ತಂಗಿದರು. 1955ರ ಮಾರ್ಚಿನಲ್ಲಿ ಮಹಲನೋಬಿಸ್ ಎರಡನೆಯ ಯೋಜನೆಯ ಕರಡು ಚೌಕಟ್ಟನ್ನು ಸರಕಾರದ ಮುಂದಿಟ್ಟರು. ಯಂತ್ರ ತಯಾರಿಸುವ ಯಂತ್ರಗಳನ್ನೂ ಉಕ್ಕನ್ನೂ ಮೊದಲು ಬೆಳೆಸಿದರೆ ಮುಂದೆ ಎಲ್ಲವನ್ನೂ ನಾವೇ ತಯಾರಿಸಬಹುದು, ಅಲ್ಲಿಯವರೆಗೆ ಬಟ್ಟೆಬರೆಯಂಥ ನಿತ್ಯದ ಸರಕನ್ನು ಕೈಮಗ್ಗ, ಗುಡಿಕೈಗಾರಿಕೆಗಳು ಪೂರೈಸಲಿ ಎಂಬುದು ಅದರ ತಿರುಳು.

ಚೌಕಟ್ಟನ್ನು ಪರಿಶೀಲಿಸಲು ಸುಮಾರು ಇಪ್ಪತ್ತು ಅರ್ಥಶಾಸ್ತ್ರಜ್ಞರ ಮಂಡಳಿಯೊಂದನ್ನು ಕರೆದಿದ್ದರು. ಗಾಡ್ಗೀಳ್, ವಿ.ಕೆ.ಆರ್.ವಿ. ರಾವ್, ವಕೀಲ್ ಮೊದಲಾದ ಘಟಾನುಘಟಿಗಳಿದ್ದ ಆ ಮಂಡಳಿ ಸ್ಥೂಲವಾಗಿ ಒಪ್ಪಿತು. ಒಬ್ಬರು ಒಪ್ಪಲಿಲ್ಲ. ಅವರು ಬಿ.ಆರ್. ಶೆಣೈ, ಆಗ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿದ್ದವರು. ಹುಟ್ಟಿದ್ದು 1905ರಲ್ಲಿ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೆಲ್ಲಿಕೋತ್‌ನಲ್ಲಿ. ಲಂಡನ್ನಿನಲ್ಲಿ ಓದಿ, ರಿಸರ್ವ್ ಬ್ಯಾಂಕಿನಲ್ಲಿ ದುಡಿದು, ಹಣದ ಹರಿವನ್ನು ಒಳಗಿನಿಂದ ಬಲ್ಲವರಾಗಿದ್ದರು. ಅವರ ಭಿನ್ನಮತದ ಟಿಪ್ಪಣಿಯ ವಾದ ಎಲ್ಲರಿಗೂ ತಿಳಿಯುವಂಥದ್ದು. ಜನ ಉಳಿಸುವುದಕ್ಕಿಂತ ಹೆಚ್ಚು ಹಣವನ್ನು ಹೂಡಲು ಹೊರಟರೆ ಆ ಹೆಚ್ಚುವರಿಯನ್ನು ನೋಟು ಅಚ್ಚು ಹಾಕಿ ತುಂಬಬೇಕಾಗುತ್ತದೆ. ಬೆಲೆ ಏರುತ್ತದೆ, ವಿದೇಶಿ ವಿನಿಮಯ ಬರಿದಾಗುತ್ತದೆ. ಅದನ್ನು ತಡೆಯಲು ಸರಕಾರ ಒಂದರ ಮೇಲೊಂದು ನಿಯಂತ್ರಣ ಹೇರುತ್ತದೆ, ಕೊನೆಗೆ ಪ್ರಜಾಪ್ರಭುತ್ವಕ್ಕೇ ಅಪಾಯ ಬರುತ್ತದೆ.

ಅರ್ಥಶಾಸ್ತ್ರಜ್ಞ ವಕೀಲ್ ಮಂಡಳಿಯಲ್ಲಿ ಸಹಿ ಹಾಕಿದರೂ ಸುಮ್ಮನಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಪಾಠ ಹೇಳುತ್ತಿದ್ದ, ಆಗಿನ್ನೂ ಮೂವತ್ತರ ಹತ್ತಿರದ ಪಿ.ಆರ್. ಬ್ರಹ್ಮಾನಂದರ ಜೊತೆ 1956ರಲ್ಲಿ ಒಂದು ಪುಸ್ತಕ ಬರೆದರು. ದುಡಿಯುವವನ ಹೊಟ್ಟೆಗೂ ಮೈಗೂ ಬೇಕಾದ ಧಾನ್ಯ, ಬಟ್ಟೆಗಳೇ ಬಡದೇಶದ ನಿಜವಾದ ಬಂಡವಾಳ, ಅವು ಸಾಲದಿದ್ದರೆ ಉಕ್ಕಿನ ಕುಲುಮೆ ಎಷ್ಟಿದ್ದರೂ ಹೊಸ ಕೂಲಿಯವನನ್ನು ಕೆಲಸಕ್ಕೆ ಕರೆಯಲಾಗದು ಎಂದು ಅವರು ವಾದಿಸಿದರು. ಶೆಣೈ ಮತ್ತು ಬ್ರಹ್ಮಾನಂದರ ಮಾತುಗಳು ಬೇರೆ ಬೇರೆ. ಒಬ್ಬರು ಸರಕಾರದ ಕೈಯನ್ನೇ ನಂಬದವರು, ಇನ್ನೊಬ್ಬರು ಯೋಜನೆಯನ್ನು ನಂಬಿ ಅದರ ಆದ್ಯತೆಯನ್ನು ಪ್ರಶ್ನಿಸಿದವರು. ನನ್ನ ಮನಸ್ಸು ವಾಲುವುದು ಬ್ರಹ್ಮಾನಂದರ ಕಡೆಗೆ. ಆದರೆ ಮುಂದಾಗುವುದನ್ನು ಹೆಚ್ಚು ನಿಖರವಾಗಿ ಕಂಡವರು ಶೆಣೈ.

4,800 ಕೋಟಿ ರೂಪಾಯಿಯ ಎರಡನೆಯ ಯೋಜನೆ 1956ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದರಲ್ಲಿ 1,200 ಕೋಟಿಯನ್ನು ಖೋತಾ ಹಣದಿಂದ ತುಂಬುವ ಲೆಕ್ಕವಿತ್ತು, ಇನ್ನೂ 400 ಕೋಟಿಗೆ ಮೂಲವೇ ಗೊತ್ತಿರಲಿಲ್ಲ. ಯುದ್ಧಕಾಲದಲ್ಲಿ ಬ್ರಿಟನ್ನಿಗೆ ಸರಕು ಒದಗಿಸಿ ಗಳಿಸಿದ್ದ ಸ್ಟರ್ಲಿಂಗ್ ಶಿಲ್ಕಿನಿಂದ ಐದು ವರ್ಷದಲ್ಲಿ 200 ಕೋಟಿ ತೆಗೆದರೆ ಸಾಕೆಂದು ಅಂದಾಜು ಮಾಡಿದ್ದರು. ಮೊದಲನೆಯ ವರ್ಷವೇ ಅಷ್ಟೂ ಕರಗಿತು. ಎರಡನೆಯ ವರ್ಷ ಇನ್ನೂ ಹೆಚ್ಚು ಹೋಯಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಯಂತ್ರಗಳು ಹಡಗಿನಲ್ಲಿ ಬರುತ್ತಿದ್ದವು, ಗೋದಿ ಕೂಡ ಹಡಗಿನಲ್ಲೇ ಬರುತ್ತಿತ್ತು. 1956ರ ಆಗಸ್ಟಿನಲ್ಲಿ ಅಮೆರಿಕದ ಪಿ.ಎಲ್. 480 ಗೋದಿಗೆ ಒಪ್ಪಂದವಾಯಿತು. 1958ರಲ್ಲಿ ಸಾಲ ಕೊಡುವ ದೇಶಗಳ ಒಕ್ಕೂಟದ ಮುಂದೆ ಭಾರತ ನಿಂತಿತು.

ಪರ್ಮಿಟ್ಟು ಯೋಜನೆಯ ಹೆಗಲೇರಿದ ಗಳಿಗೆ ಇದು. ಅಲ್ಲಿಯವರೆಗೆ ಸರಕಾರ ಹಿಡಿತವನ್ನು ಬಿಗಿಮಾಡುತ್ತ, ಸಡಿಲಿಸುತ್ತ ಬಂದಿತ್ತು. ವಿನಿಮಯ ಖಾಲಿಯಾದ ಮೇಲೆ ಯಾವ ಯಂತ್ರ ಬರಬೇಕು, ಯಾವ ಬಣ್ಣ, ಯಾವ ಬೇರಿಂಗ್ ಬರಬೇಕು ಎಂಬುದನ್ನೆಲ್ಲ ದಿಲ್ಲಿಯ ಕಚೇರಿಯೊಂದು ವಸ್ತುವಸ್ತುವಿಗೂ ತೀರ್ಮಾನಿಸುವ ಸ್ಥಿತಿ ಬಂತು. ರೂಪಾಯಿಯ ಬೆಲೆಯನ್ನು ತಗ್ಗಿಸಿ, ವಿನಿಮಯ ತುಟ್ಟಿಯಾಗಲು ಬಿಟ್ಟು, ಅಗತ್ಯವಿದ್ದವರೇ ಹೆಚ್ಚು ಕೊಟ್ಟು ಕೊಳ್ಳಲಿ ಎನ್ನುವ ದಾರಿಯಿತ್ತು. ಅದು ಬಡವರಿಗೆ ಅನ್ಯಾಯ ಎಂದು ನಾಯಕರು ಪ್ರಾಮಾಣಿಕವಾಗಿ ನಂಬಿದ್ದರು. ಹಂಚಿ ಕೊಡುವುದೇ ನ್ಯಾಯವೆಂದುಕೊಂಡರು. ಹಂಚುವವನ ಮುಂದೆ ಮೊದಲು ನಿಲ್ಲುವವನು ಬಡವನಾಗಿರುವುದಿಲ್ಲ ಎಂಬುದು ತಿಳಿಯಲು ಹತ್ತು ವರ್ಷ ಹಿಡಿಯಿತು.

ಅರ್ಜಿಯ ದಾರಿ ಹೀಗಿತ್ತು. ಕಾರ್ಖಾನೆ ತೆರೆಯಬೇಕೆನ್ನುವವನು ಕೈಗಾರಿಕಾ ಸಚಿವಾಲಯಕ್ಕೆ ಹಲವು ಪ್ರತಿಗಳಲ್ಲಿ ಅರ್ಜಿ ಹಾಕಬೇಕು. ಅದು ತಾಂತ್ರಿಕ ಅಭಿವೃದ್ಧಿಯ ಮಹಾನಿರ್ದೇಶನಾಲಯಕ್ಕೆ, ಸಂಬಂಧಪಟ್ಟ ಸಚಿವಾಲಯಕ್ಕೆ, ರಾಜ್ಯ ಸರಕಾರಕ್ಕೆ ಅಭಿಪ್ರಾಯ ಕೇಳಿ ಹೋಗುತ್ತದೆ. ಎಲ್ಲ ಮರಳಿದ ಮೇಲೆ ಲೈಸೆನ್ಸಿಂಗ್ ಸಮಿತಿಯ ಮುಂದೆ ಬರುತ್ತದೆ. ಒಪ್ಪಿಗೆಯಾದರೆ ಯಂತ್ರದ ಆಮದಿಗೆ ಕ್ಯಾಪಿಟಲ್ ಗೂಡ್ಸ್ ಸಮಿತಿ, ಅದೇ ಯಂತ್ರ ಭಾರತದಲ್ಲಿ ಸಿಗುವುದಿಲ್ಲವೆಂಬ ದೃಢೀಕರಣ, ಪರದೇಶದ ಸಹಯೋಗಕ್ಕೆ ಮತ್ತೊಂದು ಒಪ್ಪಿಗೆ, ಷೇರು ಹೊರಡಿಸಲು ಬಂಡವಾಳ ನೀಡಿಕೆಯ ನಿಯಂತ್ರಣಾಧಿಕಾರಿ, ಕಚ್ಚಾಮಾಲಿಗೆ ಆಮದು-ರಫ್ತಿನ ಮುಖ್ಯ ನಿಯಂತ್ರಣಾಧಿಕಾರಿ. ಒಂದು ಕಡೆ ತಡವಾದರೆ ಇನ್ನೊಂದು ಕಡೆಯ ಅವಧಿ ಮುಗಿಯುತ್ತಿತ್ತು. ದೊಡ್ಡ ಮನೆತನಗಳು ದಿಲ್ಲಿಯಲ್ಲಿ ಇದಕ್ಕೆಂದೇ ಕಚೇರಿ ತೆರೆದು ಕೂತವು. ಹುಬ್ಬಳ್ಳಿಯ, ದಾವಣಗೆರೆಯ ಹೊಸಬನಿಗೆ ರೈಲಿನ ಖರ್ಚೇ ಭಾರ.

ಸಣ್ಣ ಕೈಗಾರಿಕೆಗಳಿಗೆ ಲೈಸೆನ್ಸಿನ ಕಾಟ ಇರಲಿಲ್ಲ, ಕಚ್ಚಾಮಾಲಿನ ಕೋಟಾದ ಕಾಟವಿತ್ತು. ಉಕ್ಕು, ತಾಮ್ರ, ಸತುವಿಗೆ ರಾಜ್ಯದ ಕೈಗಾರಿಕಾ ಇಲಾಖೆಯಿಂದ ‘ಎಸೆನ್ಷಿಯಾಲಿಟಿ ಸರ್ಟಿಫಿಕೇಟ್’ ತರಬೇಕು. ಕೋಟಾದ ಮಾಲಿಗೂ ಪೇಟೆಯ ಬೆಲೆಗೂ ಅಂತರ ದೊಡ್ಡದಾದಂತೆ, ಬೋರ್ಡು ಮಾತ್ರವಿದ್ದ ಶೆಡ್ಡುಗಳು ದೇಶದ ಹಲವು ಕೈಗಾರಿಕಾ ವಸಾಹತುಗಳಲ್ಲಿ ಹುಟ್ಟಿದವು. ಮಾಲನ್ನು ಎತ್ತಿ ಮಾರಿದರೆ ತಯಾರಿಕೆಗಿಂತ ಹೆಚ್ಚು ಲಾಭ. ಲೇತ್ ಮುಂದೆ ನಿಂತು ನಿಜವಾಗಿ ಬೆವರು ಸುರಿಸುತ್ತಿದ್ದವನು ಅದೇ ಮಾಲನ್ನು ಅವರಿಂದಲೇ ಹೆಚ್ಚು ಬೆಲೆಗೆ ಕೊಳ್ಳಬೇಕಾಯಿತು. ಇದು ನನ್ನನ್ನು ಇಂದಿಗೂ ಕೆರಳಿಸುವ ಸಂಗತಿ. ರಾಜಾಜಿ ಈ ಇಡೀ ವ್ಯವಸ್ಥೆಗೆ ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂದು ಹೆಸರಿಟ್ಟು, 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು.

ಇಷ್ಟು ಹೇಳಿ ಬೆಂಗಳೂರಿನ ಮಾತು ಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರಕಾರದ ಜೊತೆ ಸೇರಿ ಆರಂಭಿಸಿದ್ದ ವಿಮಾನ ಕಾರ್ಖಾನೆ ಮೊದಲೇ ಇತ್ತು. ಈ ಕಾರ್ಖಾನೆಗಳ ಗೇಟಿನಲ್ಲಿ ಹೊಲ ಬಿಟ್ಟು ಬಂದ ಸಾವಿರಾರು ಕುಟುಂಬಗಳ ಮೊದಲ ತಲೆಮಾರು ಸಂಬಳ, ವಸತಿ, ಆಸ್ಪತ್ರೆ, ಮಕ್ಕಳಿಗೆ ಶಾಲೆ ಕಂಡಿತು. ಫಿಟ್ಟರು, ಟರ್ನರು, ಟೂಲ್ ಮೇಕರುಗಳ ಒಂದು ಪರಂಪರೆ ಬೆಳೆಯಿತು. ರಾಜಾಜಿನಗರ, ಪೀಣ್ಯಗಳ ಯಂತ್ರಶಾಲೆಗಳಿಗೆ ಕೆಲಸಗಾರರೂ ಆರ್ಡರುಗಳೂ ಬಂದಿದ್ದು ಈ ಗೇಟುಗಳಿಂದ. ಇದಕ್ಕೆ ಇನ್ನೊಂದು ಮುಖವಿದೆ. 1956ರಲ್ಲಿ ರೈಲು ಸಾಗಣೆಯ ವೆಚ್ಚ ಸಮೀಕರಿಸುವ ನೀತಿ ಬಂದು, ಜಮ್‌ಶೇಡ್‌ಪುರದ ಉಕ್ಕು ಪಟ್ನಾದಲ್ಲಿ ಸಿಗುವ ಬೆಲೆಗೇ ಬೆಂಗಳೂರಿನಲ್ಲೂ ಸಿಗತೊಡಗಿತು. ಗಣಿಯ ಪಕ್ಕದಲ್ಲೇ ಕೈಗಾರಿಕೆ ಬೆಳೆಯುವ ಅನುಕೂಲವನ್ನು ಬಿಹಾರ ಕಳೆದುಕೊಂಡಿತು. ನಮ್ಮ ಊರಿನ ಏಳಿಗೆಯಲ್ಲಿ ಅವರ ನಷ್ಟದ ಪಾಲು ಸೇರಿದೆ ಎಂಬುದನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಹೇಳಬೇಕು.

ಮೂರನೆಯ ಯೋಜನೆ ಎಲ್ಲ ಕಡೆಯಿಂದ ಪೆಟ್ಟು ತಿಂದಿತು. 1962ರಲ್ಲಿ ಚೀನಾ ಯುದ್ಧ, 1965ರಲ್ಲಿ ಪಾಕಿಸ್ತಾನದ ಯುದ್ಧ, ಆ ವರ್ಷವೂ ಮರುವರ್ಷವೂ ಬರ. ಶೇ. 5.6ರ ಗುರಿಗೆ ಶೇ. 2.8 ಸಿಕ್ಕಿತು. 1966ರ ಜೂನ್ 6ರಂದು ಡಾಲರಿನ ಬೆಲೆ 4.76ರಿಂದ 7.50 ರೂಪಾಯಿಗೆ ಏರಿತು. ಮೂರು ವರ್ಷ ಪಂಚವಾರ್ಷಿಕ ಯೋಜನೆಯೇ ಇರಲಿಲ್ಲ. ಯೋಜನೆ ರಜೆ ಹಾಕಿದ ಆ ಮೂರು ವರ್ಷವೂ ಲೈಸೆನ್ಸಿನ ಕಚೇರಿಗಳು ಒಂದು ದಿನ ಬಾಗಿಲು ಹಾಕಲಿಲ್ಲ. ಎರಡೂ ಬೇರೆ ಬೇರೆ ಜೀವಗಳೆನ್ನಲು ಇದಕ್ಕಿಂತ ಪುರಾವೆ ಬೇಕೆ?

1967ರಲ್ಲಿ ಆರ್.ಕೆ. ಹಜಾರಿ ಯೋಜನಾ ಆಯೋಗಕ್ಕೆ ವರದಿ ಕೊಟ್ಟರು. ದೊಡ್ಡ ಮನೆತನಗಳು, ಮುಖ್ಯವಾಗಿ ಬಿರ್ಲಾ ಗುಂಪು, ಒಂದೇ ಸರಕಿಗೆ ಹಲವು ಕಂಪನಿಗಳ ಹೆಸರಿನಲ್ಲಿ ಅರ್ಜಿ ಹಾಕಿ, ಲೈಸೆನ್ಸು ಪಡೆದು, ಕಾರ್ಖಾನೆ ಕಟ್ಟದೆ ಇಟ್ಟುಕೊಂಡು, ಬೇರೆಯವರು ಒಳಬಾರದಂತೆ ಬಾಗಿಲು ಮುಚ್ಚಿವೆ ಎಂದು ಅದು ತೋರಿಸಿತು. ಏಕಸ್ವಾಮ್ಯ ತಡೆಯಲೆಂದು ಮಾಡಿದ ಕಾನೂನು ಏಕಸ್ವಾಮ್ಯದ ಕಾವಲುಗಾರನಾಗಿತ್ತು. ಇದನ್ನು ಕಂಡ ಸರಕಾರ ಬಾಗಿಲು ತೆರೆಯಬಹುದಿತ್ತು. ಅದು ಇನ್ನೊಂದು ಬೀಗ ತಂದಿತು. 1969ರ ಏಕಸ್ವಾಮ್ಯ ಕಾಯಿದೆ, 1973ರ ವಿದೇಶಿ ವಿನಿಮಯ ಕಾಯಿದೆ ಬಂದವು. ಅದೇ ಕಾಲದ ಬ್ಯಾಂಕ್ ರಾಷ್ಟ್ರೀಕರಣದ ಕಥೆ ಬೇರೆ, ಅದರ ಲಾಭ-ನಷ್ಟ ಬೇರೆ. ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲೂ ಕಾರ್ಪೊರೇಶನ್, ವಿಜಯ ಬ್ಯಾಂಕುಗಳು 1980ರಲ್ಲೂ ರಾಷ್ಟ್ರೀಕರಣಗೊಂಡ ದಕ್ಷಿಣ ಕನ್ನಡಕ್ಕೆ ಅದರ ಬಗ್ಗೆ ತನ್ನದೇ ಮಾತಿದೆ.

ದಕ್ಷಿಣ ಕೊರಿಯಾದಲ್ಲೂ 1961ರಿಂದ ಆರ್ಥಿಕ ಯೋಜನಾ ಮಂಡಳಿ ಇತ್ತು, ಪಂಚವಾರ್ಷಿಕ ಯೋಜನೆಗಳಿದ್ದವು, ಸರಕಾರದ ಹಿಡಿತ ನಮ್ಮದಕ್ಕಿಂತ ಕಠಿಣವಾಗಿತ್ತು, ಆಳ್ವಿಕೆ ಸರ್ವಾಧಿಕಾರದ್ದು. ಅಲ್ಲಿ ಸಾಲ, ಸವಲತ್ತು ಬೇಕಾದ ಉದ್ಯಮಿ ರಫ್ತಿನ ಗುರಿ ಮುಟ್ಟಿ ತೋರಿಸಬೇಕಿತ್ತು. ನಮ್ಮಲ್ಲಿ ಲೈಸೆನ್ಸು ಸಿಕ್ಕಿದವನನ್ನು ಯಾರೂ ಏನೂ ಕೇಳಲಿಲ್ಲ. ಅವರ ಮಕ್ಕಳು ಶಾಲೆಗೆ ಹೋದರು. ನಮ್ಮ ಸಂವಿಧಾನ ಹತ್ತು ವರ್ಷದೊಳಗೆ ಎಲ್ಲ ಮಕ್ಕಳಿಗೂ ಶಿಕ್ಷಣವೆಂದು ಆಶಿಸಿದ್ದರೂ 1981ರ ಜನಗಣತಿಯಲ್ಲಿ ಓದುಬರಹ ಬಲ್ಲವರು ಶೇ. 44 ಕೂಡ ಇರಲಿಲ್ಲ. ಶಾಲೆ ಕಟ್ಟುವುದಕ್ಕೆ ವಿದೇಶಿ ವಿನಿಮಯ ಬೇಕಿರಲಿಲ್ಲ, ಲೈಸೆನ್ಸೂ ಬೇಕಿರಲಿಲ್ಲ. 1913ರಷ್ಟು ಹಿಂದೆ ಮೈಸೂರು ಕಡ್ಡಾಯ ಶಿಕ್ಷಣಕ್ಕೆ ಕಾನೂನು ಮಾಡಿತ್ತು. ಯೋಜನೆಯ ಕಾಲದ ದೊಡ್ಡ ಪಾಪ ಯಾವುದೆಂದು ಕೇಳಿದರೆ ನಾನು ಲೈಸೆನ್ಸಿನ ಹೆಸರು ಹೇಳುವ ಮೊದಲು ಇದನ್ನು ಹೇಳುತ್ತೇನೆ.

ಬಳ್ಳಾರಿಯ ಕಥೆಯಲ್ಲಿ ಇಡೀ ಯುಗವನ್ನು ಕಾಣಬಹುದು. 1970ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು: ಸೇಲಂ, ವಿಶಾಖಪಟ್ಟಣ, ವಿಜಯನಗರ. 1971ರಲ್ಲಿ ತೋರಣಗಲ್ಲಿನಲ್ಲಿ ಶಂಕುಸ್ಥಾಪನೆಯಾಯಿತು. ಸುತ್ತ ಒಳ್ಳೆಯ ಅದಿರು, ತುಂಗಭದ್ರೆಯ ನೀರು, ರೈಲು. ಯೋಜನೆಗಳು ಬಂದವು, ಹೋದವು. ಪ್ರತಿಯೊಂದರಲ್ಲೂ ವಿಜಯನಗರ ಉಕ್ಕಿಗೆ ಒಂದಿಷ್ಟು ಮಾತು, ಒಂದಿಷ್ಟು ಪುಡಿಗಾಸು. ಚುನಾವಣೆಯಿಂದ ಚುನಾವಣೆಗೆ ಆ ಕಲ್ಲು ಕಾದಿತು. ಕೊನೆಗೆ 1990ರ ದಶಕದಲ್ಲಿ, ಲೈಸೆನ್ಸು ಹೋದ ಮೇಲೆ, ಜಿಂದಾಲ್ ಕಂಪನಿ ಅಲ್ಲಿ ಕಾರ್ಖಾನೆ ಕಟ್ಟಿತು. ಸರಕಾರ ತಾನೂ ಕಟ್ಟಲಿಲ್ಲ, ಎರಡು ದಶಕ ಬೇರೆಯವರಿಗೂ ಕಟ್ಟಲು ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ಗಂಟುಗಳು ಒಂದೊಂದಾಗಿ ಸಡಿಲವಾದವು. 1982ರಲ್ಲಿ ಸಿಮೆಂಟಿನ ಮೇಲಿನ ಹಿಡಿತ ಅರ್ಧ ಹೋಯಿತು, 1984ರ ಕಂಪ್ಯೂಟರ್ ನೀತಿ ಬೆಂಗಳೂರಿಗೆ ಉಸಿರು ಕೊಟ್ಟಿತು. ಬೆಳವಣಿಗೆ ಏರಿತು, ಸಾಲವೂ ಏರಿತು. 1991ರ ಬೇಸಗೆಯಲ್ಲಿ ವಿದೇಶಿ ವಿನಿಮಯ ಎರಡು ವಾರದ ಆಮದಿಗೆ ಸಾಲುವಷ್ಟಿತ್ತು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಅಡವಿಗೆಂದು ಹೊರದೇಶಕ್ಕೆ ಕಳಿಸಿತು. ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಓದುವುದಕ್ಕೆ ಕೆಲವು ಗಂಟೆ ಮೊದಲು, ಹೆಚ್ಚು ಸದ್ದಿಲ್ಲದೆ, ಕೈಗಾರಿಕಾ ನೀತಿಯ ಹೇಳಿಕೆಯನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಲಾಯಿತು. ಹದಿನೆಂಟು ಕೈಗಾರಿಕೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸು ರದ್ದಾಯಿತು. ಕೈಗಾರಿಕಾ ಖಾತೆಯನ್ನು ಪ್ರಧಾನಿ ನರಸಿಂಹರಾಯರೇ ಇಟ್ಟುಕೊಂಡಿದ್ದರು.

ಯೋಜನೆ ಆಗ ನಿಲ್ಲಲಿಲ್ಲ. 1992ರಲ್ಲಿ ಎಂಟನೆಯದು ಆರಂಭವಾಯಿತು, ಲೈಸೆನ್ಸಿಲ್ಲದೆಯೇ. ಇನ್ನೂ ನಾಲ್ಕು ಯೋಜನೆಗಳು ನಡೆದವು. 2015ರ ಜನವರಿ 1ರಂದು ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು, ಹನ್ನೆರಡನೆಯ ಯೋಜನೆ 2017ರ ಮಾರ್ಚಿಗೆ ಮುಗಿಯಿತು. ಯುದ್ಧದ ಕೂಸುಗಳು ತಮ್ಮ ತಮ್ಮ ಕಾಲಕ್ಕೆ ಹೋದವು. ಬಂಡವಾಳ ನೀಡಿಕೆಯ ನಿಯಂತ್ರಣ 1992ರಲ್ಲಿ, ವಿದೇಶಿ ವಿನಿಮಯದ ಹಳೆಯ ಕಾಯಿದೆ 2000ದಲ್ಲಿ. 1940ರ ಮೇ ತಿಂಗಳಲ್ಲಿ ಹಡಗಿನ ಜಾಗ ಉಳಿಸಲೆಂದು ಹಾಕಿದ ಆಮದು ನಿಯಂತ್ರಣದ ಕೊನೆಯ ದೊಡ್ಡ ಪಟ್ಟಿ, 715 ಸರಕುಗಳದ್ದು, 2001ರ ಏಪ್ರಿಲ್ 1ರಂದು ತೆರೆದುಕೊಂಡಿತು.

ಒಂದು ಮಾತ್ರ ಉಳಿದಿದೆ. ಯುದ್ಧದ ನಿಯಮಗಳಿಂದ 1946ರ ತಾತ್ಕಾಲಿಕ ಕಾಯಿದೆಯಾಗಿ, ಅದರಿಂದ 1955ರ ಅವಶ್ಯಕ ವಸ್ತುಗಳ ಕಾಯಿದೆಯಾಗಿ ಬಂದದ್ದು. 2020ರಲ್ಲಿ ಧಾನ್ಯ, ಬೇಳೆಗಳ ಮಟ್ಟಿಗೆ ಅದನ್ನು ಸಡಿಲಿಸುವ ತಿದ್ದುಪಡಿ ಬಂತು, ರೈತರ ಚಳವಳಿಯ ಬಳಿಕ 2021ರಲ್ಲಿ ಉಳಿದ ಕೃಷಿ ಕಾಯಿದೆಗಳ ಜೊತೆ ಆ ತಿದ್ದುಪಡಿಯೂ ರದ್ದಾಯಿತು. 2023ರ ಜೂನ್‌ನಲ್ಲಿ ತೊಗರಿ, ಉದ್ದಿನ ಬೆಲೆ ಏರಿದಾಗ ಕೇಂದ್ರ ಸರಕಾರ ಅದೇ ಕಾಯಿದೆಯಡಿ ದಾಸ್ತಾನಿಗೆ ಮಿತಿ ಹಾಕಿತು. ತೊಗರಿಯ ಕಣಜವೆನಿಸಿದ ಕಲಬುರಗಿಯ ವರ್ತಕರೂ ದಾಲ್ ಮಿಲ್ಲಿನವರೂ ತಮ್ಮ ಗೋದಾಮಿನ ಲೆಕ್ಕವನ್ನು ಸರಕಾರಕ್ಕೆ ಒಪ್ಪಿಸಬೇಕಾಯಿತು.